ಪ್ಲಗ್ಗಿನ ಮೇಲಿನ ಕೆಂಪು ಬೊಟ್ಟು

ನನ್ನ ಹೆಂಡತಿ ಸುಮಾರು ಮೂರು ವರ್ಷ ಯಾರಿಗೂ ಕುಂಕುಮ ಕೊಡಲಿಲ್ಲ. ಮನೆಗೆ ಬಂದ ಹೆಂಗಸರು ಹೊರಡಲು ಎದ್ದರೆ ಅವಳು ಅಡುಗೆಮನೆಗೆ ಸರಿದುಬಿಡುತ್ತಿದ್ದಳು. ನಮ್ಮ ಮಗಳು, ಆಗಿನ್ನೂ ಮಿಡ್ಲ್ ಸ್ಕೂಲಿನವಳು, ಬಟ್ಟಲು ಹಿಡಿದು ನಿಲ್ಲುತ್ತಿದ್ದಳು. ಬಂದವರು ಏನೇನೋ ಅಂದುಕೊಂಡರು. ಅವಳಿಗೆ ಜಂಬ ಬಂದಿದೆ ಎಂದರು, ಗಂಡನ ಮೇಲಿನ ಸಿಟ್ಟು ಎಂದರು. ತನ್ನ ಕೈಯಿಂದಲೇ ತನ್ನ ತಮ್ಮನಿಗೆ ಕೇಡಾಯಿತು ಎಂದು ಅವಳು ನಂಬಿದ್ದಳು. ತಮ್ಮನೂ ಹಾಗೇ ನಂಬಿ ಅಕ್ಕನ ಮನೆಯ ಬಾಗಿಲು ತುಳಿಯುವುದನ್ನು ಬಿಟ್ಟಿದ್ದ. ಅದು ನಿಜವಲ್ಲ ಎಂದು ಗೊತ್ತಿದ್ದವನು ನಾನೊಬ್ಬನೇ. ನಾನು ಬಾಯಿ ಬಿಡಲಿಲ್ಲ. ಯಾಕೆ ಬಿಡಲಿಲ್ಲ, ಹೇಗೆ ಬಿಡಲಿಲ್ಲ ಎಂದು ಈಗ ಬರೆಯುತ್ತೇನೆ. ಬರೆಯುವುದರಿಂದ ಏನೂ ಕಡಿಮೆಯಾಗುವುದಿಲ್ಲ ಎಂಬುದು ಗೊತ್ತಿದೆ.

ಎಂಬತ್ತರ ದಶಕದ ನಡುವಿನ ಮಾತು. ಜಯನಗರದ ಏಳನೇ ಬ್ಲಾಕಿನಲ್ಲಿ ಒಂದು ದೊಡ್ಡ ಮನೆಯ ಹಿಂದಿನ ಔಟ್‌ಹೌಸಿನಲ್ಲಿ ನಾವು ಬಾಡಿಗೆಗಿದ್ದೆವು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಬಸ್ಸಿಗೆ ಬಾಡಿ ಕಟ್ಟುವ ಒಂದು ವರ್ಕ್‌ಶಾಪಿಗೆ ಸೇರಿದವನು. ತಗಡು ಕತ್ತರಿಸುವುದು, ಬಗ್ಗಿಸುವುದು, ರಿವೆಟ್ ಹೊಡೆಯುವುದು ನನ್ನ ಕಸುಬು. ಹೆಂಡತಿಯ ತವರು ಹೊಸಕೆರೆಹಳ್ಳಿ. ಅವಳ ತಂದೆ ಬೇಗ ತೀರಿಕೊಂಡಿದ್ದರಿಂದ, ಅತ್ತೆ ಕೆಲಸಕ್ಕೆ ಹೋಗುವಾಗ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಇವಳೇ. ಮದುವೆಯಾಗಿ ಬರುವಾಗಲೂ ಅವಳು ಅತ್ತದ್ದು ತಾಯಿಗಾಗಿ ಅಲ್ಲ, ಅವನಿಗಾಗಿ. ಅವನು ಬೆಳೆದು ಐಟಿಐ ಮುಗಿಸಿ, ಕೈಗಡಿಯಾರ ಮಾಡುವ ಕಾರ್ಖಾನೆಯೊಂದರ ಟ್ರೇಡ್ ಟೆಸ್ಟಿನಲ್ಲಿ ಪಾಸಾಗಿದ್ದ. ಮೆಡಿಕಲ್ ಒಂದು ಮುಗಿದರೆ ಕೆಲಸ. ಅವನ ಬೆರಳುಗಳು ಹಾಗಿದ್ದವು. ಸಾಸಿವೆ ಕಾಳಿನಷ್ಟು ಸ್ಕ್ರೂವನ್ನು ಕೆಳಗೆ ಬೀಳಿಸದೆ ತಿರುಗಿಸಬಲ್ಲವನು.

ಅವನ ಸ್ನೇಹಿತನೊಬ್ಬ ಮಸ್ಕತ್‌ನಿಂದ ಬರುವಾಗ ಒಂದು ಟೀವಿ ಗೇಮ್ ತಂದಿದ್ದ. ಕಪ್ಪು ಪೆಟ್ಟಿಗೆ, ಅದಕ್ಕೊಂದು ಪುಟ್ಟ ಹಿಡಿ. ಟೀವಿಯ ಹಿಂದೆ ಆಂಟೆನಾ ಸಿಕ್ಕಿಸುವ ಕಡೆ ಅದರ ವೈರ್ ಸಿಕ್ಕಿಸಿದರೆ ಪರದೆಯ ತುಂಬ ನಕ್ಷತ್ರ. ನಕ್ಷತ್ರಗಳ ನಡುವೆ ಮೇಲಿನಿಂದ ಇಳಿದುಬರುವ ಶತ್ರು ಹಡಗುಗಳು, ಕೆಳಗೆ ನಮ್ಮದೊಂದು. ಹಿಡಿಯನ್ನು ಅತ್ತಿತ್ತ ಆಡಿಸಿ ಗುಂಡು ಹಾರಿಸಬೇಕು. ನಮ್ಮ ದೇಶದವನೊಬ್ಬ ಬಾಹ್ಯಾಕಾಶಕ್ಕೆ ಹೋಗಿಬಂದ ಸುದ್ದಿಯ ಬಿಸಿ ಇನ್ನೂ ಆರಿರಲಿಲ್ಲ. ಬೀದಿಯಲ್ಲಿ ಹುಡುಗರ ಬಾಯಲ್ಲೆಲ್ಲ ರಾಕೆಟ್.

ನಮ್ಮ ಮನೆಯ ಚಾಪೆಯ ಮೇಲೆ ಕೂತು ಒಂದು ಸಂಜೆ ಆಡಿದ ಮೇಲೆ ಭಾಮೈದ ಅಂದ, "ಭಾವ, ಚಕ್ಕಳಮಕ್ಕಳ ಹಾಕ್ಕೊಂಡು ರಾಕೆಟ್ ಓಡಿಸೋದು ಚೆನ್ನಾಗಿರಲ್ಲ. ಇದಕ್ಕೊಂದು ಗಾಡಿ ಕಟ್ಟೋಣ. ಒಳಗೆ ಕೂತ್ರೆ ಮೇಲಕ್ಕೆ ಹೋದಂಗೇ ಆಗ್ಬೇಕು."

ನನಗೂ ಹುಚ್ಚು ಹಿಡಿಯಿತು. ಮನೆಯ ಯಜಮಾನರು ಬ್ಯಾಂಕಿನಿಂದ ರಿಟೈರ್ ಆದವರು, ಕಾರು ಮಾರಿದ್ದರು, ಅವರ ಕಾರ್ ಶೆಡ್ ಖಾಲಿ ಬಿದ್ದಿತ್ತು. ಕೇಳಿದೆ. "ಗಲಾಟೆ ಮಾಡ್ಬೇಡಿ, ನನಗೂ ಒಂದು ಸೀಟು ಇಡಿ" ಎಂದು ನಕ್ಕು ಬೀಗದ ಕೈ ಕೊಟ್ಟರು.

ಭಾನುವಾರಗಳೆಲ್ಲ ಅದಕ್ಕೇ ಹೋದವು. ಮಾರ್ಕೆಟ್ಟಿನ ಸಂಡೇ ಬಜಾರಿನಲ್ಲಿ ಹಳೆಯ ಬ್ಲ್ಯಾಕ್ ಅಂಡ್ ವೈಟ್ ಟೀವಿ ಸಿಕ್ಕಿತು. ಗುಜರಿಯಿಂದ ಆಟೋ ಸೀಟು, ಸ್ಕೂಟರಿನ ಸ್ಪೀಡೋಮೀಟರುಗಳು, ಲಾರಿಯ ಗೇರ್ ರಾಡು ಬಂದವು. ಗುಜರಿಯವನು ಮೇಲೊಂದು ಕೆಟ್ಟ ಆಟೋ ಮೀಟರನ್ನು ಪುಕ್ಕಟೆ ಕೊಟ್ಟ. ಹೊಲಿಗೆ ಮೆಷೀನಿನ ಮೋಟರಿಗೆ ಓರೆಯಾಗಿ ಒಂದು ಮರದ ಚಕ್ರ ಕೂರಿಸಿ ಸೀಟಿನ ಕೆಳಗಿಟ್ಟೆವು. ಸ್ವಿಚ್ ಹಾಕಿದರೆ ಕೂತವನ ಹಲ್ಲು ಅದುರುತ್ತಿತ್ತು. ಮುಖಕ್ಕೆ ಗಾಳಿ ಬೀಸಲು ಟೇಬಲ್ ಫ್ಯಾನು. ಗಣೇಶನ ಪೆಂಡಾಲಿನ ಸೀರಿಯಲ್ ಸೆಟ್ಟಿನ ಬಣ್ಣದ ದೀಪಗಳು ಮೀಟರುಗಳ ಸುತ್ತ. ಭಾಮೈದ ಆಟದ ಹಿಡಿಯನ್ನು ಬಿಚ್ಚಿ, ಸೈಕಲ್ಲಿನ ಬ್ರೇಕ್ ವೈರುಗಳಿಂದ ಅದನ್ನು ಲಾರಿಯ ಗೇರ್ ರಾಡಿಗೆ ಜೋಡಿಸಿದ. ಸೊಂಟದೆತ್ತರದ ರಾಡನ್ನು ಎಳೆದರೆ ಪರದೆಯ ಮೇಲಿನ ಹಡಗು ಅದೇ ಕಡೆಗೆ ಜಾರುತ್ತಿತ್ತು. ಆ ಕೆಲಸವನ್ನು ನನ್ನ ದಪ್ಪ ಬೆರಳುಗಳು ಜನ್ಮದಲ್ಲಿ ಮಾಡುತ್ತಿರಲಿಲ್ಲ.

ಮೈ ಯಾವುದರಲ್ಲಿ ಕಟ್ಟಬೇಕು ಎಂಬುದರ ಮೇಲೆ ಮಾತ್ರ ನಮಗೆ ವಾದವಾಯಿತು.

"ಪ್ಲೈವುಡ್ಡಲ್ಲಿ ಮಾಡೋಣ ಭಾವ. ಹಗುರ."

"ಪ್ಲೈವುಡ್ಡಲ್ಲಿ ಮಾಡಿದ್ರೆ ಬೇಕರಿ ಶೋಕೇಸ್ ಥರ ಕಾಣುತ್ತೆ. ರಾಕೆಟ್ ಅಂದ್ರೆ ತಗಡು ಕಣೋ."

"ಒಳಗೆ ಇಷ್ಟೊಂದು ವೈರಿದೆ..."

"ನಾನು ಬಸ್ ಕಟ್ಟೋನು. ನನಗೆ ಹೇಳ್ಕೊಡ್ಬೇಡ."

ನಾನು ಅಲ್ಯುಮಿನಿಯಂ ತಗಡಿನಲ್ಲೇ ಕಟ್ಟಿದೆ. ಟೀವಿಯ ಮರದ ಪೆಟ್ಟಿಗೆ ಅಡ್ಡ ಬರುತ್ತಿತ್ತು. ಅದನ್ನು ಕಳಚಿ, ಒಳಗಿನ ಕಬ್ಬಿಣದ ಚೌಕಟ್ಟನ್ನು ನೇರವಾಗಿ ತಗಡಿಗೆ ಬೋಲ್ಟ್ ಮಾಡಿದೆ. ಪರದೆ ಕಿಟಕಿಯ ಹಾಗೆ ಕೂತಿತು. ಅದನ್ನು ನೋಡಿ ನನಗೆ ನನ್ನ ಮೇಲೇ ಪ್ರೀತಿ ಬಂತು.

ಒಂದು ಮಧ್ಯಾಹ್ನ ಚಪ್ಪಲಿ ಬಿಟ್ಟು ಶೆಡ್ಡಿನ ನೆಲದ ಮೇಲೆ ನಿಂತು ತಗಡಿನ ಅಂಚು ಮುಟ್ಟಿದಾಗ ತೋಳಿನವರೆಗೂ ಜುಮ್ ಎಂದಿತು. ನಾನೊಬ್ಬನೇ ಇದ್ದೆ. ಟೆಸ್ಟರ್ ತಂದೆ, ಕರೆಂಟ್ ಇದ್ದ ಕಡೆ ಮುಟ್ಟಿಸಿದರೆ ಒಳಗೊಂದು ಸಣ್ಣ ದೀಪ ಹೊತ್ತುವ ಸ್ಕ್ರೂಡ್ರೈವರ್ ಅದು. ರಾಕೆಟ್ಟಿನ ಮೈಯಲ್ಲಿ ಎಲ್ಲಿಟ್ಟರೂ ದೀಪ ಹೊತ್ತಿತು. ಗೇರ್ ರಾಡಿಗಿಟ್ಟರೂ ಹೊತ್ತಿತು. ಟೀವಿಯ ಪ್ಲಗ್ಗನ್ನು ಕಿತ್ತು, ತಲೆಕೆಳಗು ಮಾಡಿ ಹಾಕಿ ನೋಡಿದೆ. ದೀಪ ಆರಿತು. ಅರ್ಥವಾಯಿತು. ಹಳೆಯ ಟೀವಿ, ಎರಡು ಕಡ್ಡಿಯ ಪ್ಲಗ್ಗು. ಒಂದು ರೀತಿ ಸಿಕ್ಕಿಸಿದರೆ ಕ್ಷೇಮ, ತಿರುಗಿಸಿ ಸಿಕ್ಕಿಸಿದರೆ ಟೀವಿಯ ಚೌಕಟ್ಟಿಗೇ ಕರೆಂಟು. ಮರದ ಪೆಟ್ಟಿಗೆ ಇದ್ದಾಗ ಅದು ಯಾರಿಗೂ ತಾಗುತ್ತಿರಲಿಲ್ಲ. ಪೆಟ್ಟಿಗೆ ಕಳಚಿದವನು ನಾನು, ತಗಡಿಗೆ ಜೋಡಿಸಿದವನೂ ನಾನು.

ಆವತ್ತೇ ಎಲ್ಲವನ್ನೂ ಬಿಚ್ಚಿ, ಟೀವಿಗೂ ತಗಡಿಗೂ ನಡುವೆ ಮರ ಹಾಕಬಹುದಿತ್ತು. ಎರಡು ಭಾನುವಾರದ ಕೆಲಸ. ಆದರೆ ಹಾಗೆ ಮಾಡಿದರೆ ಭಾಮೈದ ಯಾಕೆ ಎಂದು ಕೇಳುತ್ತಿದ್ದ. ಪ್ಲೈವುಡ್ ಅಂದಿದ್ದೆನಲ್ಲ ಭಾವ ಎನ್ನುತ್ತಿದ್ದ. ಹೆಂಡತಿ ಕೇಳಿದ್ದರೆ ಅದನ್ನು ಆ ಗಳಿಗೆಯೇ ಬೀದಿಗೆ ಎಸೆಯುತ್ತಿದ್ದಳು. ನಾನು ಪ್ಲಗ್ಗಿನ ಒಂದು ಮೈಗೆ ಕೆಂಪು ಬಣ್ಣದ ಒಂದು ಬೊಟ್ಟಿಟ್ಟೆ. ಬೊಟ್ಟು ಮೇಲೆ ಬರುವ ಹಾಗೆ ಸಿಕ್ಕಿಸಿದರೆ ಕ್ಷೇಮ. ಪ್ಲಗ್ ಹಾಕುವುದು, ತೆಗೆಯುವುದು ನನ್ನೊಬ್ಬನದೇ ಕೆಲಸ ಎಂದು ಎಲ್ಲರಿಗೂ ಹೇಳಿದೆ. ಮುಂದೊಂದು ದಿನ ಸರಿ ಮಾಡುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡೆ.

ಮರುವಾರ ಭಾಮೈದನ ಕಣ್ಣಿಗೆ ಅದು ಬಿತ್ತು. "ಏನ್ ಭಾವ, ಪ್ಲಗ್ಗಿಗೂ ಬೊಟ್ಟಿಟ್ಟಿದೀರಾ?"

"ದೃಷ್ಟಿ ಆಗ್ಬಾರ್ದು ಅಂತ" ಎಂದೆ.

ಅವನು ನಕ್ಕ. ಕಾಫಿ ತಂದಿದ್ದ ಹೆಂಡತಿಯೂ ನಕ್ಕಳು. "ದೇವ್ರಿಗೆ ದೀಪ ಹಚ್ರೀ ಅಂದ್ರೆ ಆಗಲ್ಲ, ಪ್ಲಗ್ಗಿಗೆ ಬೊಟ್ಟಿಡ್ತಾರೆ" ಎಂದಳು.

ರಾಕೆಟ್ ಹೆಸರಾಯಿತು. ಭಾನುವಾರ ಶೆಡ್ಡಿನ ಮುಂದೆ ಹುಡುಗರ ಸಾಲು. ಕೆಟ್ಟ ಆಟೋ ಮೀಟರನ್ನು ನಾವು ಎತ್ತರ ತೋರಿಸುವ ಮೀಟರೆಂದು ಕೂರಿಸಿದ್ದೆವು. ಅದೇ ಎಲ್ಲರಿಗೂ ತಮಾಷೆ. "ಮೀಟರ್ ಹಾಕೋ ಮಗಾ, ಚಂದ್ರಲೋಕ!" ಎಂದು ಒಬ್ಬ ಕೂಗಿದರೆ, ಒಳಗೆ ಕೂತವನು ಆಟೋದವನ ದನಿಯಲ್ಲಿ, "ಆ ಕಡೆಯಿಂದ ವಾಪಸ್ ಸವಾರಿ ಸಿಗಲ್ಲ ಗುರು, ಒನ್ ಅಂಡ್ ಹಾಫ್ ಆಗುತ್ತೆ!" ಎನ್ನುತ್ತಿದ್ದ. ಯಜಮಾನರು ಪಂಚೆ ಎತ್ತಿ ಕಟ್ಟಿ ಒಳಗೆ ಕೂತು ಒಂದು ಗಂಟೆ ಎದ್ದಿರಲಿಲ್ಲ. ಪ್ರತಿಯೊಬ್ಬರೂ ಒಳಗೆ ಕಾಲಿಡುವಾಗ ನಾನು ಅವರ ಪಾದ ನೋಡುತ್ತಿದ್ದೆ. ಚಪ್ಪಲಿ ಇದೆಯೇ? ಬೊಟ್ಟು ಮೇಲಿದೆಯೇ? ಪ್ಲಗ್ಗಿನ ಬಳಿಯಿಂದ ಕದಲುತ್ತಿರಲಿಲ್ಲ. ನಾನು ಎಲ್ಲರೊಂದಿಗೆ ನಗುತ್ತಿದ್ದೆ. ಬನಿಯನ್ ಬೆವರಿನಲ್ಲಿ ಬೆನ್ನಿಗೆ ಅಂಟಿರುತ್ತಿತ್ತು.

ಆಯುಧಪೂಜೆ ಬಂತು. ನಮ್ಮ ಮನೆಯಲ್ಲಿ ಆ ದಿನ ಕೊಡಲಿ, ಕುಡುಗೋಲಿನಿಂದ ಹಿಡಿದು ಹೊಲಿಗೆ ಮೆಷೀನಿನವರೆಗೆ ಎಲ್ಲಕ್ಕೂ ಪೂಜೆ. ಪೂಜೆಗಿಟ್ಟ ಸಾಮಾನನ್ನು ಮಾರನೆಯ ದಿನದವರೆಗೆ ಯಾರೂ ಮುಟ್ಟಬಾರದು. ಆದರೆ ಗಾಡಿಗಳಿಗೆ ಬೇರೆ ಪದ್ಧತಿ. ಪೂಜೆಯಾದ ಕೂಡಲೇ ಸ್ಟಾರ್ಟ್ ಮಾಡಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಹತ್ತಿಸಬೇಕು. ಅತ್ತೆ ಹೊಸಕೆರೆಹಳ್ಳಿಯಿಂದ ಬಂದಿದ್ದರು. ಯಜಮಾನರ ಮನೆಯವರೆಲ್ಲ ಶೆಡ್ಡಿಗೆ ಬಂದಿದ್ದರು, ವರ್ಕ್‌ಶಾಪಿನ ನನ್ನ ಸೂಪರ್‌ವೈಸರನ್ನೂ ಕರೆದಿದ್ದೆ. ನೆಲ ತೊಳೆದು ರಂಗೋಲಿ ಹಾಕಿ, ಬಾಗಿಲಲ್ಲಿ ಬೂದುಗುಂಬಳ ಒಡೆದು, ಮತ್ತೆ ನೀರು ಹಾಕಿದ್ದರು. ಎಲ್ಲರೂ ಬರಿಗಾಲಲ್ಲಿ.

ರಾಕೆಟ್ಟು ಆಯುಧವೋ ಗಾಡಿಯೋ ಎಂಬ ಪ್ರಶ್ನೆ ಎದ್ದಿತು.

"ಇದು ಸಾಮಾನೇ. ನಾಳೆ ತನಕ ಮುಟ್ಬೇಡಿ" ಎಂದರು ಅತ್ತೆ.

"ಏ, ಗಾಡಿ ಕಣಮ್ಮ ಇದು! ಮೀಟರ್ ಬೇರೆ ಇದೆ" ಎಂದ ಭಾಮೈದ.

"ಗಾಡಿ ಆದ್ರೆ ಚಕ್ರ ಎಲ್ಲೋ? ನಿಂಬೆಹಣ್ಣು ಎಲ್ಲಿಡ್ತೀಯಾ?"

"ನನ್ನ ಕಾಲಡಿ ಇಡು. ನಾನೇ ಚಕ್ರ. ಭಾವ ಸ್ಟಾರ್ಟ್ ಮಾಡ್ಲಿ, ನಾನು ರಾಡ್ ಹಿಡ್ಕೊಂಡು ತುಳೀತೀನಿ."

ಎಲ್ಲರೂ ನಕ್ಕರು. ಅತ್ತೆಯೂ ಸೋತು ನಕ್ಕರು.

ಅಷ್ಟರಲ್ಲಿ ಹೆಂಡತಿ ಕುಂಕುಮದ ಬಟ್ಟಲು ಹಿಡಿದು ಒಂದೊಂದಕ್ಕೂ ಇಡುತ್ತ ಬಂದಿದ್ದಳು. ಸೀಟಿಗೆ, ಮೀಟರಿಗೆ, ಫ್ಯಾನಿಗೆ. ಪೂಜೆಗೆಂದು ವೈರುಗಳನ್ನೆಲ್ಲ ನಾನೇ ಕಿತ್ತು ಒರೆಸಿಟ್ಟಿದ್ದೆ. ಟೀವಿಯ ಪ್ಲಗ್ಗು ನೆಲದ ಮೇಲಿತ್ತು. ಅವಳು ಅದನ್ನು ಎತ್ತಿಕೊಂಡಳು. ನನ್ನ ಕಡೆ ನೋಡಿ, "ಇದಕ್ಕೂ ತಾನೆ? ನಿಮ್ಮ ಪ್ಲಗ್ಗಿಗೆ ದೃಷ್ಟಿ ಜಾಸ್ತಿ" ಎಂದು ಮುಗುಳ್ನಕ್ಕು, ಒದ್ದೆ ಬೆರಳಿನಿಂದ ಆ ಕಡೆ ಈ ಕಡೆ ಎರಡೂ ಮೈಗೆ ಕುಂಕುಮ ಹಚ್ಚಿ ಕೆಳಗಿಟ್ಟಳು.

ನಾನು ಅವಳಿಂದ ಒಂದು ಮಾರು ದೂರದಲ್ಲಿ ನಿಂತು ನೋಡುತ್ತಿದ್ದೆ. ಬೇಡ ಎನ್ನಲು ಬಾಯಿ ತೆರೆದೆ. ಯಾಕೆ ಬೇಡ ಎಂದು ಸೂಪರ್‌ವೈಸರ್ ಕೇಳುತ್ತಾರೆ, ಯಜಮಾನರು ಕೇಳುತ್ತಾರೆ. ಇಷ್ಟು ದಿನ ಅವರ ಮೊಮ್ಮಕ್ಕಳನ್ನು ಇದರಲ್ಲಿ ಕೂರಿಸಿದ್ದೆ. ಬಾಯಿ ಮುಚ್ಚಿದೆ. ಆಮೇಲೆ ಟೆಸ್ಟರಿನಿಂದ ನೋಡಿಕೊಂಡರಾಯಿತು ಎಂದುಕೊಂಡೆ.

ಮಂಗಳಾರತಿ ಆಯಿತು. "ಸ್ಟಾರ್ಟ್ ಮಾಡಿ ಭಾವ!" ಎಂದ ಭಾಮೈದ. ಒಂದು ಕಾಲು ರಾಕೆಟ್ಟಿನ ಹೊರಗೆ, ನೀರು ನಿಂತ ನೆಲದಲ್ಲಿ, ನಿಂಬೆಹಣ್ಣಿನ ಮೇಲೆ. ಬಲಗೈ ಗೇರ್ ರಾಡಿನ ಮೇಲೆ.

ಪ್ಲಗ್ ಎತ್ತಿಕೊಂಡೆ. ಎರಡೂ ಮೈ ಕೆಂಪು. ಹೆಬ್ಬೆರಳಿನಿಂದ ಉಜ್ಜಿದೆ, ಕುಂಕುಮ ಹರಡಿತು, ಬಣ್ಣದ ಬೊಟ್ಟು ಯಾವ ಕಡೆಯದೆಂದು ಗೊತ್ತಾಗಲಿಲ್ಲ. ಶೆಡ್ಡಿನ ಆ ಮೂಲೆಯಲ್ಲಿ ಬೆಳಕು ಕಡಿಮೆ. ಟೆಸ್ಟರಿಗಾಗಿ ನೋಡಿದೆ. ಅದು ಸ್ಪ್ಯಾನರುಗಳ ಸಾಲಿನಲ್ಲಿ, ಚೆಂಡು ಹೂವಿನಡಿ ಪೂಜೆಗೆ ಕೂತಿತ್ತು. ಬಗ್ಗಿ ಕೈ ಚಾಚಿದೆ.

"ಅಳಿಯಂದ್ರೇ, ಪೂಜೆಗಿಟ್ಟಿದ್ದು! ತೆಗೀಬೇಡಿ" ಎಂದರು ಅತ್ತೆ.

"ಏನಾಯ್ತಯ್ಯಾ?" ಎಂದರು ಸೂಪರ್‌ವೈಸರ್.

"ಏನಿಲ್ಲ ಸಾರ್."

ಪೂಜೆಯ ಮೇಲಿನ ಭಕ್ತಿಯಿಂದ ನಾನು ಕೈ ಹಿಂದಕ್ಕೆ ತೆಗೆದೆ ಎಂದರೆ ಅದೂ ಸುಳ್ಳಾಗುತ್ತದೆ. ಟೆಸ್ಟರ್ ಯಾಕೆ ಎಂದು ಹೇಳಬೇಕಾಗುತ್ತಿತ್ತು. ಎರಡರಲ್ಲಿ ಒಂದು ತಾನೆ ಎಂದುಕೊಂಡು, ಕೈಗೆ ಬಂದ ಹಾಗೆ ಪ್ಲಗ್ ಸಿಕ್ಕಿಸಿ ಸ್ವಿಚ್ ಹಾಕಿದೆ.

ಅವನು ಕೂಗಲಿಲ್ಲ. ಮೊದಲು ಎಲ್ಲರೂ ಅವನು ನಟಿಸುತ್ತಿದ್ದಾನೆ ಎಂದುಕೊಂಡು ನಕ್ಕರು. ರಾಡನ್ನು ಹಿಡಿದ ಕೈ ಬಿಗಿಯುತ್ತ ಹೋಯಿತು, ತಲೆ ಹಿಂದಕ್ಕೆ ಬಾಗಿತು, ಹಲ್ಲಿನ ನಡುವಿನಿಂದ ಒಂದು ಶಬ್ದ ಬಂತು. ಸ್ವಿಚ್ ನನ್ನ ಕೈಯ ಪಕ್ಕದಲ್ಲೇ ಇತ್ತು. ನನ್ನ ಕೈ ಏಳಲಿಲ್ಲ. ಅವನನ್ನು ಹಿಡಿಯಲು ಹೋದ ಯಜಮಾನರ ಮಗನನ್ನು ಯಾರೋ ಹಿಂದಕ್ಕೆಳೆದರು. ನನ್ನ ಹೆಂಡತಿ ನನ್ನನ್ನು ತಳ್ಳಿ, ಕೈಗೆ ಸೆರಗು ಸುತ್ತಿಕೊಂಡು, ಪ್ಲಗ್ಗನ್ನು ಕಿತ್ತಳು. ಅವನು ಕುಸಿದು ನೆಲಕ್ಕೆ ಬಿದ್ದ. ಅಂಗೈ ಸುಟ್ಟ ವಾಸನೆ ಊದುಬತ್ತಿಯ ವಾಸನೆಯ ಜೊತೆ ಬೆರೆತಿತ್ತು.

ಆಸ್ಪತ್ರೆಯ ವರಾಂಡದಲ್ಲಿ ಅವನ ಜೀವಕ್ಕೆ ಅಪಾಯವಿಲ್ಲ ಎಂದು ಡಾಕ್ಟರು ಹೇಳಿಹೋದ ಮೇಲೆ ಅತ್ತೆಗೆ ಮಾತು ಬಂತು. "ಇಷ್ಟು ದಿನ ಆಗದೆ ಇದ್ದಿದ್ದು ಇವತ್ತೇ ಹೇಗಾಯ್ತು?" ಎಂದರು. ಬೆಂಚಿನ ಮೇಲೆ ಕೂತಿದ್ದ ಹೆಂಡತಿ ತನ್ನ ಸೆರಗನ್ನೇ ನೋಡುತ್ತಿದ್ದಳು. ಅದರ ತುಂಬ ಕುಂಕುಮ.

"ನಾನು ಪ್ಲಗ್ಗಿಗೆ ಕುಂಕುಮ ಹಚ್ಚಿದೆ ಅಮ್ಮ. ಒದ್ದೆ ಕೈ. ನೀರು ಒಳಗೆ ಇಳಿದಿರ್ಬೇಕು." ಆಮೇಲೆ ನನ್ನ ಕಡೆ ತಿರುಗಿದಳು. "ಅದರಿಂದಾನೇ ಅಲ್ವಾ ರೀ?"

ನನ್ನನ್ನು ಕೇಳಿದ್ದಳು. ಆ ಜಾಗದಲ್ಲಿ ಅದಕ್ಕೆ ಉತ್ತರ ಗೊತ್ತಿದ್ದವನು ನಾನೇ ಎಂದು ನಂಬಿ ಕೇಳಿದ್ದಳು.

"ಇರಬಹುದು" ಎಂದೆ.

ಅಷ್ಟೇ ನಾನು ಆಡಿದ ಮಾತು. ಅತ್ತೆ ಮಗಳ ಮೇಲೆ ಬಿದ್ದರು. ನಿನ್ನ ಕೈ ಸೇದಿಹೋಗ, ಹೊತ್ತು ಬೆಳೆಸಿದ್ದು ಇದಕ್ಕೇನೇ ಎಂದರು. ಆ ಮಾತುಗಳನ್ನು ಕೇಳುತ್ತ ನಾನು ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಿದ್ದೆ. ಅವಳು ಒಂದಕ್ಕೂ ಎದುರಾಡಲಿಲ್ಲ.

ಅವನ ಅಂಗೈ ಮಾಯಿತು, ಆದರೆ ಬಲಗೈಯ ಎರಡು ಬೆರಳುಗಳು ಒಳಕ್ಕೆ ಮಡಿಚಿಕೊಂಡವು, ಮತ್ತೆ ನೆಟ್ಟಗಾಗಲಿಲ್ಲ. ಗಡಿಯಾರದ ಕಾರ್ಖಾನೆಯ ಮೆಡಿಕಲ್ಲಿನಲ್ಲಿ ಕೈ ನೋಡಿ ವಾಪಸ್ ಕಳಿಸಿದರು. ಆ ಸಂಜೆ ಅವನು ನಮ್ಮ ಮನೆಗೆ ಬಂದ, ಒಳಗೆ ಬರಲಿಲ್ಲ. ಹೆಂಡತಿ ಬಾಗಿಲಿಗೆ ಓಡಿದಳು.

"ಏನಾಯ್ತೋ?"

"ಏನಾಗುತ್ತೆ? ನಿನ್ನ ಭಕ್ತಿಗೆ ನನ್ನ ಬೆರಳು ಹೋಯ್ತಕ್ಕ" ಎಂದ. ಅಷ್ಟು ಹೇಳಿ, ಗೇಟನ್ನೂ ಹಾಕದೆ ಹೋದ. ಬನಶಂಕರಿಯಲ್ಲಿ ಬಾಡಿಗೆ ಸೈಕಲ್ ಅಂಗಡಿಯೊಂದಕ್ಕೆ ಸೇರಿದನೆಂದು ಆಮೇಲೆ ತಿಳಿಯಿತು. ರಾಕೆಟ್ಟನ್ನು ನಾನು ಬಿಚ್ಚಿ ಗುಜರಿಗೆ ಹಾಕಿದೆ. ಟೀವಿ, ಪ್ಲಗ್ಗು, ವೈರು ಯಾವುದನ್ನೂ ಉಳಿಸಲಿಲ್ಲ. ದುಃಖದಿಂದ ಹಾಗೆ ಮಾಡಿದೆ ಎಂದು ಎಲ್ಲರೂ ತಿಳಿದರು. ಯಾರಾದರೂ ಬಂದು ಪರೀಕ್ಷೆ ಮಾಡಿಯಾರೆಂಬ ಭಯ ನನಗೆ.

ಗೌರಿ ಹಬ್ಬಕ್ಕೆ ತವರಿನಿಂದ ತಮ್ಮ ಬಾಗಿನ ತರಬೇಕು. ಮೊದಲ ವರ್ಷ ಅವಳು ಬೆಳಗಿನಿಂದ ಗೇಟಿನ ಕಡೆ ನೋಡುತ್ತ ಊಟ ಮಾಡದೆ ಕಾದಳು. ಮೊರದ ಬಾಗಿನ ಬಂತು, ತಂದವರು ಹೊಸಕೆರೆಹಳ್ಳಿಯ ಪಕ್ಕದ ಮನೆಯವರು. ಎರಡನೆಯ ವರ್ಷವೂ ಅವರೇ. ಅವನೇ ಬರಬಾರದಿತ್ತೇ ಎಂದು ಅವಳು ಕೇಳಲಿಲ್ಲ. ಅವರಿಗೆ ಕಾಫಿ ಕೊಟ್ಟು, ಕುಂಕುಮ ಕೊಡಲು ಮಗಳನ್ನು ಕರೆದಳು. ನಾನು ಒಂದೆರಡು ಸಲ ಹೇಳಲು ಹೊರಟಿದ್ದೆ. ಅವಳು ಬಟ್ಟೆ ಮಡಿಚುತ್ತ ಕೂತಿದ್ದಾಗ ಎದುರಿಗೆ ಹೋಗಿ ಕೂತು, ಮಳೆ ಬರುವ ಹಾಗಿದೆ ಎಂದು ಹೇಳಿ ಎದ್ದುಬಂದೆ. ತಡವಾದಷ್ಟೂ ಹೇಳಬೇಕಾದದ್ದು ಬೆಳೆಯುತ್ತಿತ್ತು. ಮೊದಲು ಪ್ಲಗ್ಗಿನ ವಿಷಯ ಮಾತ್ರ ಇತ್ತು. ಆಮೇಲೆ ಪ್ಲಗ್ಗಿನ ಜೊತೆ ಒಂದು ವರ್ಷದ ಮೌನ, ಆಮೇಲೆ ಎರಡು ವರ್ಷದ್ದು.

ಮೂರನೆಯ ಗೌರಿಯ ದಿನ ಮೊರ ಬಂದಾಗ ಅವಳು ಅದನ್ನು ಮುಟ್ಟಲಿಲ್ಲ. "ಅಲ್ಲೇ ಇಡಿ" ಎಂದಳು. ಬಂದವರು ಹೋದ ಮೇಲೆ ನನಗೆ ಹೇಳಿದಳು, "ಮುಂದಿನ ವರ್ಷ ಬೇಡ ಅಂತ ಅಮ್ಮನಿಗೆ ಹೇಳಿಕಳಿಸಿ. ತಮ್ಮ ಇಲ್ಲದ ಬಾಗಿನ ಯಾಕೆ? ನನಗೆ ತಮ್ಮ ಇಲ್ಲ ಅಂತಾನೇ ಇದ್ದುಬಿಡ್ತೀನಿ."

ಅವಳು ಅಳುತ್ತಿರಲಿಲ್ಲ. ಒಲೆಯ ಮೇಲಿನ ಹೂರಣವನ್ನು ತಿರುವುತ್ತ, ಸೊಪ್ಪು ತನ್ನಿ ಎನ್ನುವ ದನಿಯಲ್ಲಿ ಹೇಳಿದಳು. ಅದಕ್ಕೇ ನನಗೆ ಹೆದರಿಕೆಯಾಯಿತು. ಅವಳು ನಿಜವಾಗಿಯೂ ಹಾಗೆ ಇದ್ದುಬಿಡುತ್ತಾಳೆ ಎಂದು ಗೊತ್ತಾಯಿತು.

"ಅದು ನಿನ್ನ ಕುಂಕುಮದಿಂದ ಆಗಿದ್ದಲ್ಲ" ಎಂದೆ.

ಅವಳ ಕೈ ನಿಲ್ಲಲಿಲ್ಲ. "ಈಗ ಸಮಾಧಾನ ಮಾಡ್ಬೇಡಿ."

"ಸಮಾಧಾನ ಅಲ್ಲ. ಕೇಳು." ನಿಂತಲ್ಲೇ ಎಲ್ಲ ಹೇಳಿದೆ. ತಗಡು, ಟೀವಿಯ ಪೆಟ್ಟಿಗೆ, ಜುಮ್ ಎಂದದ್ದು, ಕೆಂಪು ಬೊಟ್ಟು, ದೃಷ್ಟಿ ಎಂದು ಹೇಳಿದ ಸುಳ್ಳು, ಟೆಸ್ಟರ್, ಕೈಗೆ ಬಂದ ಹಾಗೆ ಸಿಕ್ಕಿಸಿದ್ದು. ಹೇಳುತ್ತ ಹೋದ ಹಾಗೆ ಅವಳ ಕೈ ನಿಧಾನವಾಯಿತು. ಹೂರಣ ತಳ ಹಿಡಿಯಿತು.

"ನಾನು ಪ್ಲಗ್ಗಿಗೆ ಕುಂಕುಮ ಹಚ್ತಿದ್ದಾಗ ನೀವು ನೋಡಿದ್ರಾ?"

"ನೋಡಿದೆ."

"ಗೊತ್ತಿದ್ದೂ?"

"ಗೊತ್ತಿದ್ದೂ."

"ಆಸ್ಪತ್ರೇಲಿ ನಾನು ನಿಮ್ಮನ್ನೇ ಕೇಳಿದೆನಲ್ಲ ರೀ."

ಅವಳು ಸ್ಟೌವ್ ಆರಿಸಿದಳು. ಮಗಳನ್ನು ಯಜಮಾನರ ಮನೆಯಲ್ಲಿ ಬಿಟ್ಟುಬಂದಳು. "ಚಪ್ಪಲಿ ಹಾಕ್ಕೊಳ್ಳಿ. ನನಗೆ ಹೇಳಿದ್ದನ್ನ ಅಮ್ಮನ ಮನೇಲಿ ಬಂದು ಹೇಳಿ" ಎಂದಳು.

ಬಸ್ಸಿನಲ್ಲಿ ಅವಳು ಹೆಂಗಸರ ಸೀಟಿನಲ್ಲಿ, ನಾನು ಹಿಂದೆ. ಒಮ್ಮೆಯೂ ತಿರುಗಿ ನೋಡಲಿಲ್ಲ. ಬನಶಂಕರಿ ದಾಟಿ ಇಳಿದು ನಡೆಯುವಾಗಲೂ ಅವಳು ಮುಂದೆ, ನಾನು ಹಿಂದೆ. ಹಬ್ಬವಾದ್ದರಿಂದ ಭಾಮೈದ ಮನೆಯಲ್ಲೇ ಇದ್ದ. ಅಕ್ಕನನ್ನು ನೋಡಿ ಎದ್ದು ಹೊರಗೆ ಹೊರಟ.

"ಕೂತ್ಕೊಳೋ" ಎಂದಳು. ಚಿಕ್ಕಂದಿನಲ್ಲಿ ಅವನನ್ನು ಗದರಿಸುತ್ತಿದ್ದ ದನಿ ಇರಬೇಕು, ಅವನು ಕೂತುಬಿಟ್ಟ. "ಅಮ್ಮ, ನೀನೂ ಬಾ. ಇವರು ಏನೋ ಹೇಳ್ಬೇಕಂತೆ."

ಎರಡನೆಯ ಸಲ ಹೇಳುವುದು ಸುಲಭ ಎಂದುಕೊಂಡಿದ್ದೆ. ಅವನು ಮಡಿಚಿದ ಬೆರಳುಗಳನ್ನು ಎಡಗೈಯಲ್ಲಿ ಹಿಡಿದು ಕೂತಿದ್ದ, ನಾನು ಅದನ್ನು ನೋಡುತ್ತ ಹೇಳಬೇಕಾಗಿತ್ತು. ಎರಡು ಸಲ ನಿಲ್ಲಿಸಿದೆ. ನಿಲ್ಲಿಸಿದಾಗಲೆಲ್ಲ ಹೆಂಡತಿ, "ಆಮೇಲೆ?" ಎಂದಳು. ಟೆಸ್ಟರಿನ ಮಾತು ಬಂದಾಗ ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡರು.

ಮುಗಿದ ಮೇಲೆ ಭಾಮೈದ ಎದ್ದು ನಿಂತ. ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ಒಳ್ಳೆಯದಿತ್ತು.

"ಪ್ಲಗ್ ತಪ್ಪು ಹಾಕಿದ್ದು ಬಿಡಿ ಭಾವ. ಕೈ ತಪ್ಪು ಯಾರದ್ದಾದ್ರೂ ಆಗುತ್ತೆ. ನಾನೇ ಹಾಕಿದ್ರೂ ಹಾಗೇ ಆಗ್ತಿತ್ತೇನೋ. ಆದ್ರೆ ನಾನು ಮನೆ ಬಾಗ್ಲಿಗೆ ಬಂದು ಅಕ್ಕನಿಗೆ ಹಂಗಂದಾಗ ನೀವು ಒಳಗೆ ಇದ್ರಾ?"

"ಇದ್ದೆ."

"ಕೇಳಿಸ್ತಾ?"

"ಕೇಳಿಸ್ತು."

ಅವನು ತಲೆಯಾಡಿಸಿದ, ಲೆಕ್ಕ ಸರಿಯಾಯಿತು ಎನ್ನುವ ಹಾಗೆ. ಅತ್ತೆ, "ಅಳಿಯಂದ್ರೇ, ನಾನು ಆವತ್ತು ಇವಳಿಗೆ ಬಾಯಿಗೆ ಬಂದ ಹಾಗೆ ಅಂದೆನಲ್ಲ, ನೀವು ಪಕ್ಕದಲ್ಲೇ ಕೂತಿದ್ರಿ..." ಎಂದು ಶುರು ಮಾಡಿದರು. ಹೆಂಡತಿ ಅವರನ್ನು ತಡೆದಳು. ತಮ್ಮನ ಕಡೆ ತಿರುಗಿದಳು.

"ಅವರಿಗೆ ಬಾಯಿಲ್ಲ ಸರಿ. ನಿನಗೇನಾಗಿತ್ತೋ ಕತ್ತೆ? ಒಂದ್ಸಲ ಬಂದು ನನ್ನ ಬೈದು ಹೋಗಬಹುದಿತ್ತಲ್ಲ!"

"ನೀನ್ಯಾಕೆ ಒಪ್ಕೊಂಡೆ? ನಾನಲ್ಲ ಅಂತ ಜಗಳ ಆಡ್ಬೇಕಿತ್ತು!"

"ಆಡ್ತಿದ್ದೆ ಕಣೋ, ನನಗೇನ್ ಗೊತ್ತಿತ್ತು? ಮೂರು ವರ್ಷ ಪಕ್ಕದ ಮನೆಯವರ ಕೈಲಿ ಮೊರ ಕಳಿಸ್ತಾನೆ, ದೊಡ್ಡ ಮನುಷ್ಯ!"

"ಮೊರಕ್ಕೆ ಬಳೆ ಆರಿಸಿದ್ದು ಯಾರು ಅಂದ್ಕೊಂಡೆ? ಅಮ್ಮಾನಾ? ಅಮ್ಮಂಗೆ ನಿನ್ನ ಕೈ ಅಳತೆ ಗೊತ್ತಾ?"

ಅವಳು ತನ್ನ ಕೈಯ ಬಳೆಗಳನ್ನು ನೋಡಿಕೊಂಡಳು. ಗಂಟಲಿನಿಂದ ಒಂದು ಶಬ್ದ ಬಂತು, ಅಳುವೋ ನಗುವೋ ತಿಳಿಯಲಿಲ್ಲ. ನಾನು ಎದ್ದು ಹೊರಗೆ ಜಗಲಿಗೆ ಬಂದೆ. ಯಾರೂ ಕೂತ್ಕೊಳ್ಳಿ ಎನ್ನಲಿಲ್ಲ. ಒಳಗೆ ಅವರಿಬ್ಬರ ಜಗಳ ಏರಿತು, ಚಿಕ್ಕಂದಿನ ಯಾವುದೋ ಹಳೆಯ ವಿಷಯಕ್ಕೂ ಹೋಯಿತು, ನನಗೆ ಗೊತ್ತಿಲ್ಲದ ಅಡ್ಡಹೆಸರುಗಳು ಕೇಳಿಬಂದವು. ನಡುವೆ ಅತ್ತೆ ಮೂಗು ಸೀಟುವ ಸದ್ದು. ಬೀದಿಯಲ್ಲಿ ಹೆಂಗಸರು ಬಾಗಿನ ಹಿಡಿದು ಓಡಾಡುತ್ತಿದ್ದರು. ನಾನು ಹೊಸಿಲ ಕಡೆ ಬೆನ್ನು ಮಾಡಿ ನಿಂತಿದ್ದೆ.

ಸಂಜೆಯಾಗುವ ಹೊತ್ತಿಗೆ ಹೆಂಡತಿ ಬಾಗಿಲಿಗೆ ಬಂದಳು. ಕಣ್ಣು ಊದಿತ್ತು.

"ನೀವು ಹೊರಡಿ. ನಾನು ಇಲ್ಲಿರ್ತೀನಿ. ಮಗೂಗೆ ಊಟ ಹಾಕಿ."

ಎಷ್ಟು ದಿನ ಎಂದು ಕೇಳದೆ ಚಪ್ಪಲಿ ಮೆಟ್ಟಿದೆ. ಒಳಗಿನಿಂದ ಅವನು, "ಅಕ್ಕಾ, ಎಲ್ಲಿ ಹೋದೆ?" ಎಂದು ಕೂಗಿದ. ಅವಳು ಒಳಗೆ ಹೋದಳು.

ಅವಳು ವಾಪಸ್ ಬಂದಳು, ಸಂಸಾರ ನಡೆಯಿತು. ಆ ವಿಷಯವನ್ನು ಅವಳು ನನ್ನ ಮುಂದೆ ಮತ್ತೆ ಎತ್ತಲಿಲ್ಲ. ಅವಳ ತಮ್ಮನಿಗೂ ಈಗ ತಲೆ ನರೆತಿದೆ. ಬರುತ್ತಾನೆ, ಅಕ್ಕನ ಜೊತೆ ಅಡುಗೆಮನೆಯಲ್ಲಿ ಕೂತು ಗಂಟೆಗಟ್ಟಲೆ ಮಾತಾಡುತ್ತಾನೆ. ಹೋಗುವಾಗ ನಡುಮನೆಯಲ್ಲಿ ಕೂತ ನನ್ನನ್ನು ನೋಡಿ, "ಬರ್ತೀನಿ ಭಾವ" ಎನ್ನುತ್ತಾನೆ. ನಾನು ಏನಾದರೂ ಹೇಳುವಷ್ಟರಲ್ಲಿ ಅವನು ಮೆಟ್ಟಿಲು ಇಳಿದಿರುತ್ತಾನೆ.